ಕೋಣೆಯೊಳಗೆ ತಲೆಕೆಳಗಾದ ಬೀದಿ

ಹಂಪಿಯ ವಿರೂಪಾಕ್ಷ ದೇವಸ್ಥಾನಕ್ಕೆ ಹೋದವರಿಗೆ ಗೈಡ್‌ಗಳು ತಪ್ಪದೆ ತೋರಿಸುವ ಒಂದು ಜಾಗ ಇದೆ. ಗರ್ಭಗುಡಿಯ ಹಿಂದಿನ ಒಂದು ಕತ್ತಲ ಕೋಣೆ. ಅದರ ಗೋಡೆಯ ಮೇಲೆ ಪೂರ್ವದ ದೊಡ್ಡ ಗೋಪುರ ತಲೆಕೆಳಗಾಗಿ ಬಿದ್ದಿರುತ್ತದೆ. ಹೊರಗೆ ಸುಮಾರು 50 ಮೀಟರ್ ಎತ್ತರಕ್ಕೆ ನಿಂತಿರುವ ಒಂಬತ್ತು ನೆಲೆಯ ಗೋಪುರ, ಒಳಗೆ ಒಂದು ಮಗುವಿನಷ್ಟು ಎತ್ತರವೂ ಇಲ್ಲ. ಎಲ್ಲರೂ ಅದನ್ನು ‘ಗೋಪುರದ ನೆರಳು’ ಅಂತಲೇ ಕರೆಯುತ್ತಾರೆ. ಆದರೆ ಅದು ನೆರಳಲ್ಲ. ನೆರಳು ಅಂದರೆ ಬೆಳಕು ಇಲ್ಲದ ಜಾಗ. ಇದು ಬೆಳಕೇ ಬರೆದ ಚಿತ್ರ. ಕಲ್ಲಿನ ನಡುವಿನ ಸಣ್ಣ ಕಿಂಡಿಯಿಂದ ಒಳಗೆ ಬಂದ ಬೆಳಕು.

ಕಳೆದ ದಸರಾ ರಜೆಯಲ್ಲಿ ಅಲ್ಲಿಗೆ ಹೋಗಿದ್ದಾಗ ಅಣ್ಣನ ಮಗ ನನ್ನ ಕೈ ಜಗ್ಗಿ ಕೇಳಿದ್ದು ಒಂದೇ ಮಾತು. "ಚಿಕ್ಕಪ್ಪ, ಇದನ್ನ ನಮ್ಮನೇಲಿ ಮಾಡಕ್ಕಾಗುತ್ತಾ?" ನಾನು ಸುಮ್ನೆ ಇರಬೇಕಿತ್ತು. "ಒಂದು ತೂತು ಕೊರೆದರೆ ಆಯ್ತು" ಅಂದುಬಿಟ್ಟೆ. ಆ ತೂತಿಗೆ ಹಿಡಿದದ್ದು ಐದು ನಿಮಿಷ. ಕತ್ತಲೆ ಮಾಡುವುದಕ್ಕೆ ಮೂರು ವಾರಾಂತ್ಯ ಬೇಕಾಯಿತು.

ಮೊದಲ ಶನಿವಾರ

ಮೈಸೂರಿನ ನಮ್ಮ ಮನೆಯ ಮಹಡಿಯಲ್ಲಿ ಒಂದು ಕೋಣೆ ಇದೆ. ಯಾರಾದರೂ ನೆಂಟರು ಬಂದರೆ ಮಲಗುವುದಕ್ಕೆ, ಉಳಿದ ದಿನ ಅಮ್ಮನ ಹಪ್ಪಳದ ಡಬ್ಬಗಳಿಗೆ. ಪೂರ್ವಕ್ಕೆ ಒಂದೇ ಕಿಟಕಿ. ಎದುರು ಗೋಡೆಗೆ ಬಿಳಿ ಬಣ್ಣ. ಕಿಟಕಿಯಿಂದ ಆ ಗೋಡೆಗೆ ಟೇಪ್ ಹಿಡಿದು ಅಳೆದೆ. 3.2 ಮೀಟರ್. ಕಿಟಕಿಯ ಹೊರಗೆ ರಸ್ತೆ, ರಸ್ತೆಯಾಚೆ ಒಂದು ಬೇಕರಿ, ಪಕ್ಕದಲ್ಲಿ ತೆಂಗಿನ ಮರ, ಮರದ ಕೆಳಗೆ ಇಸ್ತ್ರಿ ಗಾಡಿ. ಬೇಕರಿಗೆ ಸುಮಾರು 15 ಮೀಟರ್. ಇನ್ನೂ ದೂರ ನೋಡಿದರೆ ಮನೆಗಳ ಸಂದಿಯಲ್ಲಿ ಚಾಮುಂಡಿ ಬೆಟ್ಟದ ಒಂದು ತುಂಡು. ಇದಕ್ಕಿಂತ ಒಳ್ಳೆ ನೋಟ ಬೇಕೇ?

ಮೊದಲು ಹಳೇ ಪೇಪರ್ ಅಂಟಿಸಿದೆ. ಎರಡು ಪದರ. ಬಾಗಿಲು ಹಾಕಿ ನೋಡಿದರೆ ಕಿಟಕಿ ಪೂರ್ತಿ ಹಳದಿ ದೀಪದ ಹಾಗೆ ಹೊಳೆಯುತ್ತಿತ್ತು. ಒಳಗೆ ಕೂತು ಹಿಂದಿನ ತಿಂಗಳ ಕ್ರಿಕೆಟ್ ಸುದ್ದಿ ಆರಾಮಾಗಿ ಓದಬಹುದಿತ್ತು, ಅಷ್ಟು ಬೆಳಕು.

ಪೇಪರ್ ಕಿತ್ತು ಫ್ರಿಜ್ ಬಂದಿದ್ದ ರಟ್ಟಿನ ಪೆಟ್ಟಿಗೆ ಕತ್ತರಿಸಿ ಕೂರಿಸಿದೆ. ಸಂದಿಗಳಿಗೆಲ್ಲ ಬ್ರೌನ್ ಟೇಪ್. ಹೊರಗಿನಿಂದ ನೋಡಿದರೆ ಬಲು ಅಚ್ಚುಕಟ್ಟು. ಒಳಗಿನಿಂದ ನೋಡಿದಾಗ ಗೊತ್ತಾಯಿತು, ಬ್ರೌನ್ ಟೇಪಿನಲ್ಲಿ ಬೆಳಕು ಸಲೀಸಾಗಿ ಹಾದುಹೋಗುತ್ತದೆ. ಕಿಟಕಿಯ ಸುತ್ತ ಜೇನಿನ ಬಣ್ಣದ ಚೌಕಟ್ಟು ಹಾಕಿದ ಹಾಗೆ ಕಾಣುತ್ತಿತ್ತು. ರಟ್ಟಿನ ಅಂಚಿನಲ್ಲಿ ಅಲೆ ಅಲೆಯಾದ ಕೊಳವೆಗಳಿರುತ್ತವಲ್ಲ, ಅವುಗಳ ಬಾಯಿಂದಲೂ ಒಂದೊಂದು ಬೆಳಕಿನ ಚುಕ್ಕೆ.

ಇಷ್ಟು ಸಣ್ಣ ಸೋರಿಕೆಗೆ ಯಾಕೆ ಇಷ್ಟು ತಲೆಬಿಸಿ ಅಂತ ಅನ್ನಿಸಬಹುದು. ರಾತ್ರಿ ಕೂತು ಲೆಕ್ಕ ಹಾಕಿದೆ. 12 ಮಿಲಿಮೀಟರ್ ತೂತು, 3.2 ಮೀಟರ್ ದೂರದ ಗೋಡೆ, ಹೊರಗೆ ಸುಡು ಬಿಸಿಲು. ಆಗ ಗೋಡೆಯ ಮೇಲೆ ಬೀಳುವ ಚಿತ್ರದ ಬೆಳಕು ಸುಮಾರು 0.1 ಲಕ್ಸ್. ಹೆಚ್ಚು ಕಡಿಮೆ ಹುಣ್ಣಿಮೆ ರಾತ್ರಿಯ ಬೆಳಕಿನಷ್ಟು. ಅಂದರೆ ಬೆಳದಿಂಗಳಲ್ಲಿ ಬರೆದ ಚಿತ್ರ ನೋಡಬೇಕು, ಪಕ್ಕದಲ್ಲಿ ಯಾರೋ ಟಾರ್ಚ್ ಹಿಡಿದು ನಿಂತಿದ್ದಾರೆ. ಬಾಗಿಲ ಸಂದಿಯ ಒಂದು ಗೆರೆ ಬೆಳಕು ಸಾಕು, ಎಲ್ಲ ಅಳಿಸಿಹೋಗುತ್ತದೆ.

ಅಮ್ಮ ಸಂಜೆ ಬಂದು ಬಾಗಿಲು ತೆಗೆದು ನೋಡಿದರು. "ಹಾಡುಹಗಲಲ್ಲಿ ಕತ್ತಲೆ ಮಾಡ್ಕೊಂಡು ಕೂರೋದು ಏನು ಕರ್ಮವೋ. ಹಪ್ಪಳದ ಡಬ್ಬ ಎಲ್ಲಿಟ್ಟೆ?" ಅಂದರು. ಡಬ್ಬ ಎಲ್ಲಿಟ್ಟಿದ್ದೆ ಅಂತ ನನಗೂ ಆ ಕತ್ತಲಲ್ಲಿ ಗೊತ್ತಾಗಲಿಲ್ಲ.

ಎರಡನೇ ಶನಿವಾರ

ಕೃಷಿ ಸಾಮಾನಿನ ಅಂಗಡಿಯಲ್ಲಿ ಮಲ್ಚಿಂಗ್ ಶೀಟ್ ಸಿಗುತ್ತದೆ. ಟೊಮ್ಯಾಟೊ, ಕಲ್ಲಂಗಡಿ ಬೆಳೆಯುವವರು ಸಾಲಿನ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆ. ಒಂದು ಮಗ್ಗುಲು ಬೆಳ್ಳಿ, ಒಂದು ಮಗ್ಗುಲು ಕಪ್ಪು. ಬೆಳ್ಳಿ ಹೊರಕ್ಕೆ, ಕಪ್ಪು ಒಳಕ್ಕೆ ಮಾಡಿ ಕಿಟಕಿಯ ಚೌಕಟ್ಟಿಗೆ ಮೊಳೆ ಹೊಡೆದೆ. ಅಂಚಿಗೆ ಮರದ ಪಟ್ಟಿ. ಬಾಗಿಲ ಕೆಳಗಿನ ಸಂದಿಗೆ ಹಳೇ ಚಾಪೆ ಸುತ್ತಿಟ್ಟೆ. ಬೀಗದ ತೂತಿಗೆ ಹತ್ತಿ. ವೆಂಟಿಲೇಟರ್‌ಗೆ ರಟ್ಟು, ಅದರ ಮೇಲೆ ಮತ್ತೆ ಅದೇ ಶೀಟ್.

ತೂತಿಗೆ ಒಂದು ಉಪಾಯ ಮಾಡಿದೆ. ಶೀಟಿನಲ್ಲಿ ಅಂಗೈ ಅಗಲದ ಕಿಟಕಿ ಕತ್ತರಿಸಿ, ಅದಕ್ಕೆ ಹೊಂದುವ ರಟ್ಟಿನ ಚೌಕಟ್ಟು ಅಂಟಿಸಿದೆ. ಅದರೊಳಗೆ ಬೇರೆ ಬೇರೆ ಅಳತೆಯ ತೂತಿನ ಬಿಲ್ಲೆಗಳನ್ನು ಬದಲಾಯಿಸಬಹುದು. ಬಿಲ್ಲೆಗೆ ಬಳಸಿದ್ದು ತಂಪು ಪಾನೀಯದ ಕ್ಯಾನಿನ ತಗಡು. ಕತ್ತರಿಯಲ್ಲೇ ಕತ್ತರಿಸಬಹುದು, ತೂತಿನ ಅಂಚು ತೆಳ್ಳಗೆ ಬರುತ್ತದೆ. ಕೊರೆದ ಮೇಲೆ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ, ಒಳಮಗ್ಗುಲಿಗೆ ಕಪ್ಪು ಮಾರ್ಕರ್ ಬಳಿದೆ. 20, 12, 5 ಮಿಲಿಮೀಟರ್, ಮತ್ತೊಂದು ಎರಡೂವರೆ.

ಮಧ್ಯಾಹ್ನ ಎರಡೂವರೆ ಗಂಟೆ. ಈ ಹೊತ್ತು ಮುಖ್ಯ. ಪೂರ್ವದ ಕಿಟಕಿಗೆ ಬೆಳಿಗ್ಗೆ ಬಿಸಿಲು ಎದುರಿನಿಂದ ಬರುತ್ತದೆ, ಆಗ ಎದುರು ಮನೆಗಳ ಮುಖ ನೆರಳಲ್ಲಿರುತ್ತದೆ. ಮಧ್ಯಾಹ್ನದ ಮೇಲೆ ಸೂರ್ಯ ನಮ್ಮ ಮನೆಯ ಹಿಂದಕ್ಕೆ ಹೋಗುತ್ತಾನೆ. ಬೇಕರಿ, ಮರ, ಗಾಡಿ ಎಲ್ಲ ಝಗ್ ಅಂತ ಬೆಳಗುತ್ತವೆ.

12ರ ಬಿಲ್ಲೆ ಹಾಕಿ, ಬಾಗಿಲು ಮುಚ್ಚಿ, ಗೋಡೆಗೆ ಎದುರಾಗಿ ಚಾಪೆಯ ಮೇಲೆ ಕೂತೆವು. ನಾನು, ಅಣ್ಣನ ಮಗ. ಏನೂ ಇಲ್ಲ. ಬರೀ ಬೂದು. ಐದು ನಿಮಿಷ. ಹುಡುಗ ಎದ್ದು ಹೋಗುವುದಕ್ಕೆ ತಯಾರಾದ. "ಸ್ವಲ್ಪ ತಡಿಯೋ, ಕಣ್ಣು ಕತ್ತಲಿಗೆ ಒಗ್ಗಬೇಕು" ಅಂದೆ. ಪೂರ್ತಿ ಒಗ್ಗುವುದಕ್ಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು.

ಹತ್ತನೇ ನಿಮಿಷದಲ್ಲಿ ಇರಬೇಕು, ಗೋಡೆಯ ಮೇಲ್ತುದಿಯಲ್ಲಿ, ಸೂರಿನ ಹತ್ತಿರ, ಏನೋ ಒಂದು ಎಡದಿಂದ ಬಲಕ್ಕೆ ಸರಿಯಿತು. ಜೊತೆಗೇ ಹೊರಗೆ ಆಟೋ ಸದ್ದು. ಆಟೋ ಸೂರಿಗೆ ಅಂಟಿಕೊಂಡು, ಚಕ್ರ ಮೇಲೆ ಮಾಡಿ ಓಡುತ್ತಿತ್ತು! ಒಮ್ಮೆ ಅದು ಕಂಡಿದ್ದೇ ತಡ, ಉಳಿದದ್ದೆಲ್ಲ ತಾನಾಗಿ ಕಾಣತೊಡಗಿತು. ಅಲ್ಲೇ ಇತ್ತು ಅಷ್ಟು ಹೊತ್ತೂ, ನಮಗೆ ಗೊತ್ತಾಗಿರಲಿಲ್ಲ. ರಸ್ತೆ ಮೇಲೆ, ಬೇಕರಿ ನಡುವೆ, ತೆಂಗಿನ ಮರ ಸೂರಿನಿಂದ ನೇತುಬಿದ್ದ ಹಾಗೆ, ಅದರ ಗರಿಗಳು ನಮ್ಮ ಮೊಣಕಾಲಿನ ಎತ್ತರದಲ್ಲಿ ಗಾಳಿಗೆ ಅಲುಗಾಡುತ್ತಿದ್ದವು. ಆಕಾಶ ನೆಲಕ್ಕೆ ಬಂದಿತ್ತು. ಕಣ್ಣಿಗೆ ನಿಂತ ವಸ್ತುವಿಗಿಂತ ಅಲುಗುವ ವಸ್ತು ಬೇಗ ಸಿಗುತ್ತದೆ ಅನ್ನುವುದನ್ನು ಓದಿದ್ದೆ, ಆದರೆ ಇಷ್ಟು ಚೆನ್ನಾಗಿ ಅನುಭವಕ್ಕೆ ಬಂದದ್ದು ಅವತ್ತೇ.

ಹುಡುಗ ಕೂಗಿದ್ದು ಕೆಳಗಿನ ಅಡುಗೆಮನೆಗೂ ಕೇಳಿಸಿತಂತೆ.

ಯಾಕೆ ತಲೆಕೆಳಗು ಅಂತ ಅವನಿಗೆ ಒಂದು ದಾರ ಹಿಡಿದು ತೋರಿಸಿದೆ. ಬೆಳಕು ನೇರ ಹೋಗುತ್ತದೆ. ಮರದ ತುದಿಯಿಂದ ಹೊರಟ ಬೆಳಕು ಕೆಳಮುಖವಾಗಿ ಬಂದು ತೂತು ದಾಟಿ ಗೋಡೆಯ ಕೆಳಗೆ ಬೀಳುತ್ತದೆ. ಬುಡದಿಂದ ಹೊರಟದ್ದು ಮೇಲ್ಮುಖವಾಗಿ ಹೋಗಿ ಗೋಡೆಯ ಮೇಲೆ. ಅಷ್ಟೇ ವಿಷಯ. ಸಾವಿರ ವರ್ಷದ ಹಿಂದೆ ಇಬ್ನ್ ಅಲ್ ಹೈತಮ್ ಅನ್ನುವ ಅರಬ್ ವಿಜ್ಞಾನಿ ಇಂಥ ಕತ್ತಲ ಕೋಣೆಯಲ್ಲಿ ಕೂತೇ ಬೆಳಕಿನ ನಡೆಯನ್ನು ಕೆದಕಿದ್ದು. ನಮ್ಮ ಕಣ್ಣಿನೊಳಗೂ ಚಿತ್ರ ಬೀಳುವುದು ಹೀಗೇ, ತಲೆಕೆಳಗಾಗಿ.

ಎರಡು ತೆಂಗಿನ ಮರದ ಸಮಸ್ಯೆ

ಸಂಭ್ರಮ ಇಳಿದ ಮೇಲೆ ಗಮನಿಸಿದೆ. ಗೋಡೆಯ ಮೇಲೆ ತೆಂಗಿನ ಮರ ಎರಡಿತ್ತು. ಹೊರಗಿರುವುದು ಒಂದೇ. ಎರಡನೆಯದು ಒಂದಡಿಗಿಂತ ಸ್ವಲ್ಪ ಜಾಸ್ತಿ ಎಡಕ್ಕೆ, ಮಸುಕಾಗಿ. ಬೇಕರಿಯ ಬೋರ್ಡಿನ ಮೇಲೆ ಇನ್ನೊಂದು ಬೋರ್ಡು. ಎಲ್ಲ ಕಲಸುಮೇಲೋಗರ.

ಗೋಡೆಯ ಆ ಜಾಗದಲ್ಲಿ ಕಣ್ಣಿಟ್ಟು ಕಿಟಕಿಯ ಕಡೆ ನೋಡಿದೆ. ಸೋರಿಕೆ ಹಿಡಿಯುವುದಕ್ಕೆ ಇದು ಒಳ್ಳೆಯ ಉಪಾಯ. ಚಿತ್ರ ಎಲ್ಲಿ ಬಿದ್ದಿದೆಯೋ ಅಲ್ಲಿಂದ ನೋಡಿದರೆ ಬೆಳಕು ಎಲ್ಲಿಂದ ಬರುತ್ತಿದೆ ಅಂತ ಕಾಣುತ್ತದೆ. ಆದರೆ ಬೆಳಿಗ್ಗೆ ಹೊತ್ತು, ತೂತಿನ ಎದುರಿಗೆ ಸೂರ್ಯ ಇರುವಾಗ, ಯಾವತ್ತೂ ಹೀಗೆ ಮಾಡಬೇಡಿ. ಮಧ್ಯಾಹ್ನದ ಮೇಲೆ ಮಾತ್ರ. ನೋಡಿದರೆ ಒಂದು ಮೊಳೆಯ ಹತ್ತಿರ ಶೀಟ್ ಹರಿದು ಹೆಸರುಬೇಳೆಯಷ್ಟು ಕಿಂಡಿ ಆಗಿತ್ತು. ಅದೂ ತನ್ನ ಪಾಡಿಗೆ ಒಂದು ಪೂರ್ತಿ ಬೀದಿಯನ್ನು ಗೋಡೆಗೆ ಕಳಿಸುತ್ತಿತ್ತು.

ಮುಚ್ಚುವ ಮೊದಲು ಸ್ವಲ್ಪ ಆಟ ಆಡಿದೆವು. ಬಿಲ್ಲೆಯಲ್ಲಿ ಎರಡು ತೂತು, ಮೂರು ತೂತು, ಹತ್ತು ತೂತು. ತೂತು ಹೆಚ್ಚಿದಷ್ಟೂ ಬೆಳಕು ಹೆಚ್ಚು, ಚಿತ್ರ ಗೋಜಲು. ಹತ್ತು ತೂತಿಗೆ ಬೀದಿ ಕರಗಿ ಬರೀ ಬೆಳಕಾಯಿತು.

ಇದನ್ನು ಹೇಳುವುದಕ್ಕೆ ಕಾರಣ ಇದೆ. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹಾರಿದ ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಒಂದು ಎಕ್ಸ್-ಕಿರಣ ಕ್ಯಾಮೆರಾ ಇದೆ. ಅಷ್ಟು ಶಕ್ತಿಯ ಎಕ್ಸ್-ಕಿರಣ ಗಾಜಿನ ಲೆನ್ಸಿಗೆ ಬಗ್ಗುವುದಿಲ್ಲ, ನೇರ ತೂರಿ ಹೋಗುತ್ತದೆ. ಹಾಗಾಗಿ ಅಲ್ಲಿ ಲೆನ್ಸ್ ಬದಲು ಟ್ಯಾಂಟಲಮ್ ಲೋಹದ ತಗಡು, ಅದರ ತುಂಬ ಲೆಕ್ಕ ಹಾಕಿ ಕೊರೆದ ಚೌಕ ಚೌಕ ಕಿಂಡಿಗಳು. ಒಂದೇ ಕಿಂಡಿ ಇಟ್ಟರೆ ದೂರದ ನಕ್ಷತ್ರದಿಂದ ಬರುವ ಅಷ್ಟಿಷ್ಟು ಕಿರಣಗಳೂ ಸಾಲುವುದಿಲ್ಲ. ನೂರಾರು ಇಟ್ಟರೆ ನಮ್ಮ ಹತ್ತು ತೂತಿನ ಗೋಜಲೇ. ಆದರೆ ಯಾವ ಕಿಂಡಿ ಎಲ್ಲಿದೆ ಅಂತ ಗೊತ್ತಿರುವುದರಿಂದ ಕಂಪ್ಯೂಟರ್ ಆ ಗೋಜಲನ್ನು ಬಿಡಿಸಿ ಚಿತ್ರ ತೆಗೆಯುತ್ತದೆ. ಸೂರ್ಯನ ಮೊಟ್ಟಮೊದಲ ಎಕ್ಸ್-ಕಿರಣ ಚಿತ್ರವೂ ಪಿನ್‌ಹೋಲ್, ಅಂದರೆ ಸೂಜಿತೂತಿನ, ಕ್ಯಾಮೆರಾದ್ದೇ. 1960ರ ಏಪ್ರಿಲ್ 19ರಂದು ಅಮೆರಿಕದ ನೌಕಾಪಡೆಯ ಸಂಶೋಧನಾಲಯದವರು ರಾಕೆಟ್ಟಿನಲ್ಲಿ ಅದನ್ನು ಕಳಿಸಿದ್ದರು. ರಾಕೆಟ್ ತಿರುಗುತ್ತಿದ್ದರಿಂದ ಚಿತ್ರ ಕಮಾನಿನಂತೆ ಎಳೆದುಕೊಂಡು ಬಂದಿತ್ತು.

ಹೆಸರುಬೇಳೆ ಕಿಂಡಿಗೆ ಕಪ್ಪು ಇನ್ಸುಲೇಷನ್ ಟೇಪ್ ಹಚ್ಚಿದೆ. ಒಂದು ಮರ ಮಾಯ.

ಎಷ್ಟು ದೊಡ್ಡ ತೂತು?

20ರ ಬಿಲ್ಲೆಯಲ್ಲಿ ಚಿತ್ರ ಬೇಗ ಕಾಣುತ್ತದೆ, ಆದರೆ ಎಲ್ಲ ಹತ್ತಿಯ ಮುದ್ದೆ. ಮನುಷ್ಯರು ನಡೆಯುವುದು ಗೊತ್ತಾಗುತ್ತದೆ, ಯಾರು ಅಂತ ಗೊತ್ತಾಗುವುದಿಲ್ಲ. 5ರದ್ದರಲ್ಲಿ ಬೇಕರಿ ಬೋರ್ಡಿನ ಅಕ್ಷರ ಬಿಡಿಬಿಡಿಯಾಗಿ ಬಂತು, ಆದರೆ ಅರ್ಧ ಗಂಟೆ ಕತ್ತಲಲ್ಲಿ ಕೂತವರಿಗೆ ಮಾತ್ರ. ಎರಡೂವರೆಯದು ನನ್ನ ಕಣ್ಣಿಗೆ ಕಂಡೇ ಇಲ್ಲ.

ಆ ಎರಡೂವರೆ ಸುಮ್ನೆ ಬಂದ ಅಂಕಿ ಅಲ್ಲ. ತೂತು ಸಣ್ಣದಾದಷ್ಟೂ ಚಿತ್ರ ಚೂಪಾಗುತ್ತದೆ, ಆದರೆ ಒಂದು ಮಿತಿ ದಾಟಿದರೆ ಬೆಳಕು ತೂತಿನ ಅಂಚಿನಲ್ಲಿ ಹರಡಿಕೊಂಡು ಮತ್ತೆ ಮಸುಕಾಗುತ್ತದೆ. ಆ ಮಿತಿಗೆ ಒಂದು ಸೂತ್ರ ಇದೆ. ದೂರವನ್ನು ಬೆಳಕಿನ ಅಲೆಯುದ್ದದಿಂದ ಗುಣಿಸಿ, ವರ್ಗಮೂಲ ತೆಗೆದು, 1.9ರಿಂದ ಗುಣಿಸಿ. ಹಸಿರು ಬೆಳಕಿಗೆ, 3.2 ಮೀಟರ್‌ಗೆ, 2.5 ಮಿಲಿಮೀಟರ್ ಬರುತ್ತದೆ. ಫೋನ್ ಕ್ಯಾಮೆರಾ ಇದನ್ನು ಮೆಚ್ಚುತ್ತದೆ. ಫೋನನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಪ್ರೊ ಮೋಡ್‌ನಲ್ಲಿ ಶಟರ್ 30 ಸೆಕೆಂಡಿಗೆ ಇಟ್ಟು ತೆಗೆದೆ. ಬೇಕರಿ ಅಚ್ಚುಕಟ್ಟಾಗಿ ಬಂತು. ರಸ್ತೆ ಮಾತ್ರ ಖಾಲಿ. ಅಷ್ಟು ಹೊತ್ತಿನಲ್ಲಿ ಹೋದ ಬೈಕು, ಜನ ಯಾರೂ ಫೋಟೊದಲ್ಲಿ ನಿಲ್ಲಲಿಲ್ಲ. ಕೂತು ನೋಡುವವರಿಗೆ ಮಾತ್ರ 12ರದ್ದೇ ಸರಿ.

ಇನ್ನೊಂದು ತಕರಾರು. ಹುಡುಗ ಮಂಚದ ಅಂಚಿನಿಂದ ತಲೆ ಕೆಳಗೆ ಇಳಿಬಿಟ್ಟು ಬೋರ್ಡ್ ಓದುವುದಕ್ಕೆ ನೋಡಿದ. "ಚಿಕ್ಕಪ್ಪ, ಈಗ್ಲೂ ಓದಕ್ಕಾಗ್ತಿಲ್ಲ. ಕನ್ನಡಿ ಅಕ್ಷರ ಆಗಿದೆ." ಹೌದಲ್ಲ! ನಾವು ಕಿಟಕಿಗೆ ಬೆನ್ನು ಮಾಡಿ ಗೋಡೆ ನೋಡುತ್ತಿದ್ದೇವೆ. ಹಾಗೆ ತಿರುಗಿ ಕೂತದ್ದರಿಂದ ಎಡ ಎಡವಾಗೇ ಉಳಿದಿದೆ, ಮೇಲು ಕೆಳಗು ಮಾತ್ರ ಅದಲು ಬದಲು. ತಲೆಕೆಳಗೆ ಮಾಡಿದರೆ ಮೇಲು ಕೆಳಗು ಸರಿಯಾಗಿ, ಎಡ ಬಲ ಕೆಡುತ್ತದೆ.

ಇದಕ್ಕೆ ಮದ್ದು ಬಟರ್ ಪೇಪರ್. ಅಮ್ಮ ಹೋಳಿಗೆ ತಟ್ಟುವುದಕ್ಕೆ ಇಟ್ಟುಕೊಂಡಿದ್ದ ಸುರುಳಿ. ಮರದ ಚೌಕಟ್ಟಿಗೆ ಬಿಗಿಯಾಗಿ ಎಳೆದು ಅಂಟಿಸಿ, ಕಿಟಕಿಗೂ ನಮಗೂ ನಡುವೆ ನಿಲ್ಲಿಸಿದೆ. ಈಗ ಚಿತ್ರವನ್ನು ಹಿಂದಿನಿಂದ, ಕಿಟಕಿಯ ಕಡೆ ಮುಖ ಮಾಡಿ ನೋಡುತ್ತೇವೆ. ಮೇಲು ಕೆಳಗೂ ಅದಲು, ಎಡ ಬಲವೂ ಅದಲು. ಎರಡೂ ಅದಲಾದರೆ ತಲೆ ತಿರುಗಿಸಿದಾಗ ಎರಡೂ ಒಟ್ಟಿಗೆ ಸರಿಹೋಗುತ್ತವೆ. ಹುಡುಗ ಮತ್ತೆ ಮಂಚದಿಂದ ಜೋತುಬಿದ್ದು, "ಬೇ... ಕ... ರಿ!" ಅಂದ. ಮುಖ ಕೆಂಪಗಾಗುವ ತನಕ ಹಾಗೇ ಇದ್ದ.

ಕಿಟಕಿಗೆ ಕನ್ನಡಕ

ಹುಣ್ಣಿಮೆ ಬೆಳಕು ಸಾಲದು ಅನ್ನಿಸತೊಡಗಿತು. ಬಣ್ಣ ಬೇಕಿತ್ತು. ಅಷ್ಟು ಮಂದ ಬೆಳಕಿನಲ್ಲಿ ಕಣ್ಣಿಗೆ ಬಣ್ಣ ಸರಿಯಾಗಿ ತಿಳಿಯುವುದಿಲ್ಲ, ಬೇಕರಿಯ ಕೆಂಪು ಬೋರ್ಡ್ ಕಂದು ಕಪ್ಪಾಗಿ ಕಾಣುತ್ತಿತ್ತು. ತೂತು ದೊಡ್ಡದು ಮಾಡಿದರೆ ಮಸುಕು. ಎರಡೂ ಬೇಕು ಅಂದರೆ ಲೆನ್ಸ್.

ಕನ್ನಡಕದ ಅಂಗಡಿಗೆ ಹೋದೆ.

"ಪ್ಲಸ್ ಅರ್ಧ ಒಂದು ಲೆನ್ಸ್ ಬೇಕಿತ್ತು. ಕಟ್ ಮಾಡಬೇಡಿ, ಪೂರ್ತಿ ಗುಂಡಗೇ ಇರಲಿ."

"ಫ್ರೇಮ್ ತಂದಿದೀರಾ ಸರ್?"

"ಫ್ರೇಮ್ ಬೇಡ."

"ಯಾರಿಗೆ ಸರ್ ಇದು?"

"ಕಿಟಕಿಗೆ."

ಅವರು ಒಂದು ಕ್ಷಣ ನೋಡಿದರು. "ಒಂದೇ ಕಣ್ಣಿಗಾ?" ಅಂದರು. ಮುಖದಲ್ಲಿ ನಗು ಇರಲಿಲ್ಲ. 150 ರೂಪಾಯಿಗೆ ಕೊಟ್ಟರು.

ಕನ್ನಡಕದ ಪವರ್ ಲೆಕ್ಕ ಬಹಳ ಸರಳ. ಒಂದನ್ನು ಪವರ್‌ನಿಂದ ಭಾಗಿಸಿದರೆ ಎಷ್ಟು ಮೀಟರ್‌ನಲ್ಲಿ ಚಿತ್ರ ಕೂರುತ್ತದೆ ಅಂತ ಗೊತ್ತಾಗುತ್ತದೆ. ಪ್ಲಸ್ ಅರ್ಧಕ್ಕೆ 2 ಮೀಟರ್. ಪ್ಲಸ್ ಕಾಲು ಆದರೆ 4 ಮೀಟರ್, ನಮ್ಮ ಗೋಡೆ ತೂರಿ ಪಕ್ಕದ ಮನೆಗೆ ಹೋಗುತ್ತದೆ. ಹಾಗಾಗಿ ಅರ್ಧ ತೆಗೆದುಕೊಂಡು, ಗೋಡೆಯ ಬದಲು ಬಟರ್ ಪೇಪರ್ ಚೌಕಟ್ಟನ್ನು ಹಿಂದೆ ಮುಂದೆ ಸರಿಸುವುದು. ಲೆನ್ಸಿಗೆ 50 ಮಿಲಿಮೀಟರ್ ತೂತಿನ ರಟ್ಟಿನ ಕೊರಳು ಮಾಡಿದೆ, ಅಂಚಿನ ಮಸುಕು ಬೆಳಕು ಬರದಂತೆ.

ಈಗಿನ ಬೆಳಕು ಮೊದಲಿನ ನಲವತ್ತು ಪಟ್ಟಿಗಿಂತ ಜಾಸ್ತಿ. ಬಾಗಿಲು ಮುಚ್ಚಿದ ತಕ್ಷಣ ಚಿತ್ರ ರೆಡಿ, ಕಣ್ಣು ಒಗ್ಗುವುದಕ್ಕೆ ಕಾಯಬೇಕಿಲ್ಲ. ಬೋರ್ಡ್ ಕೆಂಪು, ತೆಂಗು ಹಸಿರು, ಇಸ್ತ್ರಿ ಗಾಡಿಯ ಮೇಲೆ ಮಡಚಿಟ್ಟ ನೀಲಿ ಶರ್ಟ್. ಸಿನಿಮಾ ಅಂದರೆ ಸಿನಿಮಾ. ಅದಕ್ಕಿಂತ ಚೆನ್ನ ಅಂತಲೇ ನನ್ನ ಅಭಿಪ್ರಾಯ. ಇಲ್ಲಿ ಕಥೆ ಇಲ್ಲ, ಬೇಜಾರೂ ಇಲ್ಲ.

ಆದರೆ ತೂತು ಕೊಡುತ್ತಿದ್ದ ಒಂದು ಸುಖ ಲೆನ್ಸ್ ಕಿತ್ತುಕೊಂಡಿತು. ತೂತಿಗೆ ಹತ್ತಿರ ದೂರ ಎರಡೂ ಒಂದೇ, ಎಲ್ಲವೂ ಒಂದೇ ಸಮ ಮಸುಕು. ಲೆನ್ಸಿಗೆ ಹಾಗಲ್ಲ. ಚಾಮುಂಡಿ ಬೆಟ್ಟ ಚೂಪಾಗಬೇಕಾದರೆ ಚೌಕಟ್ಟು 2 ಮೀಟರ್‌ನಲ್ಲಿರಬೇಕು. 15 ಮೀಟರ್ ದೂರದ ಬೇಕರಿ ಚೂಪಾಗುವುದು 2.3 ಮೀಟರ್‌ನಲ್ಲಿ. ಒಂದು ಅಡಿ ವ್ಯತ್ಯಾಸ! ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಎರಡು ಗೆರೆ ಎಳೆದು ಒಂದಕ್ಕೆ ‘ಬೆಟ್ಟ’, ಇನ್ನೊಂದಕ್ಕೆ ‘ಬನ್ನು’ ಅಂತ ಹುಡುಗ ಬರೆದಿಟ್ಟ. ಚೌಕಟ್ಟನ್ನು ಬನ್ನಿನಿಂದ ಬೆಟ್ಟಕ್ಕೆ ಮೆಲ್ಲಗೆ ತಳ್ಳುವಾಗ ಬೇಕರಿ ಕರಗುತ್ತಾ ಹೋಗಿ, ಹಿಂದಿನಿಂದ ಬೆಟ್ಟ ಎದ್ದು ಬರುವುದನ್ನು ನೋಡುವುದೇ ಒಂದು ಚೆಂದ.

ಬೆಳಗಿನ ಸೂರ್ಯ

ಮೂರನೇ ಭಾನುವಾರ ಬೆಳಿಗ್ಗೆ. ಇದು ಯೋಜನೆಯಲ್ಲಿ ಇರಲಿಲ್ಲ, ಕಿಟಕಿ ಪೂರ್ವಕ್ಕಿದ್ದದ್ದರಿಂದ ತಾನಾಗಿ ಬಂದ ಭಾಗ್ಯ.

ಲೆನ್ಸ್ ತೆಗೆದು 5ರ ಬಿಲ್ಲೆ ಹಾಕಿದೆ. ಮೂರೂವರೆ ಅಡಿ ಎತ್ತರದಲ್ಲಿ, ಗೋಡೆಯ ಮೇಲೆ 3 ಸೆಂಟಿಮೀಟರ್ ಅಗಲದ ಒಂದು ಬಿಳಿ ಬಿಲ್ಲೆ ಕೂತಿತ್ತು. ಸೂರ್ಯ. ದೂರವನ್ನು 107ರಿಂದ ಭಾಗಿಸಿದರೆ ಸೂರ್ಯನ ಚಿತ್ರದ ಅಗಲ ಸಿಗುತ್ತದೆ. 3.2 ಮೀಟರ್‌ಗೆ 3 ಸೆಂಟಿಮೀಟರ್. ತೂತು ಚೌಕ ಮಾಡಿದರೆ? ಹುಡುಗ ಚೌಕ ಕತ್ತರಿಸಿ ಹಾಕಿದ, ಆಮೇಲೆ ತ್ರಿಕೋನ. ಗೋಡೆಯ ಮೇಲೆ ಗುಂಡಗೇ ಬಿತ್ತು. ತೂತಿನ ಆಕಾರ ಅಲ್ಲ, ಸೂರ್ಯನ ಆಕಾರ ಅದು. ಮಾವಿನ ಮರದ ಕೆಳಗೆ ನೆಲದ ಮೇಲೆ ಬೀಳುವ ಬಿಸಿಲಿನ ಗುಂಡುಗಳೂ ಇದೇ. 2019ರ ಡಿಸೆಂಬರ್ 26ರ ಗ್ರಹಣದ ದಿನ ಮಂಗಳೂರು, ಕೊಡಗಿನ ಕಡೆ ಕಂಕಣ ಕಂಡಿತ್ತಲ್ಲ, ನಮ್ಮಲ್ಲಿ ಮರದ ಕೆಳಗೆ ನೂರಾರು ಕುಡುಗೋಲು ಚೆಲ್ಲಿದ ಹಾಗಿತ್ತು. ಆಗ ಇವನು ಇನ್ನೂ ತೊಟ್ಟಿಲಲ್ಲಿದ್ದ.

ಪೆನ್ಸಿಲ್‌ನಲ್ಲಿ ಬಿಲ್ಲೆಯ ಸುತ್ತ ಗೆರೆ ಎಳೆ ಅಂದೆ. ಎಳೆದು ಮುಗಿಸುವಷ್ಟರಲ್ಲಿ ಬಿಲ್ಲೆ ಗೆರೆ ದಾಟಿತ್ತು. ಎರಡು ನಿಮಿಷಕ್ಕೆ ತನ್ನ ಪೂರ್ತಿ ಅಗಲದಷ್ಟು ಸರಿಯುತ್ತದೆ. "ಗೋಡೆ ಓಡ್ತಿದೆ" ಅಂದ ಹುಡುಗ. ಅವನು ಹೇಳಿದ್ದರಲ್ಲಿ ತಪ್ಪೇನಿಲ್ಲ, ಓಡುತ್ತಿರುವುದು ನಾವೇ.

ಇನ್ನೂ ದೊಡ್ಡ ಸೂರ್ಯ ಬೇಕಾದರೆ ಇನ್ನೂ ದೂರ ಬೇಕು. ಗ್ರಹಣದ ಸಮಯದಲ್ಲಿ ಶಾಲೆಗಳಲ್ಲಿ ಮಾಡುವ ಚೆಂಡು ಕನ್ನಡಿ ಗೊತ್ತಲ್ಲ? ಪ್ಲಾಸ್ಟಿಕ್ ಚೆಂಡಿಗೆ ಮರಳು ತುಂಬಿ, ಮೇಲೆ ಪುಟ್ಟ ಕನ್ನಡಿ ಅಂಟಿಸಿ, ಟೇಪ್ ಸುರುಳಿಯ ಮೇಲೆ ಕೂರಿಸುವುದು. ಯಾವ ಕಡೆ ಬೇಕಾದರೂ ತಿರುಗಿಸಬಹುದು, ಇಟ್ಟಲ್ಲೇ ನಿಲ್ಲುತ್ತದೆ. ಕನ್ನಡಿಯ ಮೇಲೆ 6 ಮಿಲಿಮೀಟರ್ ತೂತಿನ ಕಾಗದ. ಗೇಟಿನ ಕಂಬದ ಮೇಲಿಟ್ಟು, ಮುಂಬಾಗಿಲಿನಿಂದ ಹಾಲ್ ದಾಟಿಸಿ, ಹಿಂದಿನ ಗೋಡೆಗೆ ಬಿಟ್ಟೆ. 17 ಮೀಟರ್. ಊಟದ ತಟ್ಟೆಗಿಂತ ಸ್ವಲ್ಪ ಸಣ್ಣ ಸೂರ್ಯ, 16 ಸೆಂಟಿಮೀಟರ್, ಅಮ್ಮನ ಕ್ಯಾಲೆಂಡರ್ ಪಕ್ಕದಲ್ಲಿ. ಅಂಚು ಸ್ವಲ್ಪ ಮಂಕು, ನಡು ಬೆಳ್ಳಗೆ. ಮೋಡ ಬಂದರೆ ಅದರ ಮೇಲೆ ಮೋಡ ಹಾಯುತ್ತದೆ. ಅಮ್ಮ ಮೊದಲ ಸಲ ಸೌಟು ಹಿಡಿದುಕೊಂಡೇ ನಿಂತು ನೋಡಿದರು, ಕೈ ಮುಗಿದರು.

ಕಲೆ ಏನಾದರೂ ಕಾಣುತ್ತಾ ಅಂತ ಹುಡುಕಿದೆ. ಒಂದು ಕಡೆ ಕಪ್ಪಗಿದೆ ಅನ್ನಿಸಿತು, ಗೋಡೆಯ ಕಲೆಯೋ ಸೂರ್ಯನದ್ದೋ ತಿಳಿಯಲಿಲ್ಲ. ಮಹಡಿಗೆ ಹೋಗಿ ಲೆನ್ಸ್ ಹಾಕಿದೆ, ಮುಂದೆ 20ರ ತೂತಿನ ರಟ್ಟು. 2 ಮೀಟರ್‌ನಲ್ಲಿ ಬಿಳಿ ಡ್ರಾಯಿಂಗ್ ಹಾಳೆ ಹಿಡಿದೆ. ಸೂರ್ಯ ಈಗ 19 ಮಿಲಿಮೀಟರ್ ಮಾತ್ರ, ಆದರೆ ಅಂಚು ಬ್ಲೇಡಿನಲ್ಲಿ ಕತ್ತರಿಸಿದ ಹಾಗೆ. ಅದರ ಮೇಲೆ ಮೂರು ಚುಕ್ಕೆ, ಸಾಸಿವೆಗಿಂತ ಸಣ್ಣವು. ಹಾಳೆಯನ್ನು ಮೆಲ್ಲಗೆ ಅಲುಗಾಡಿಸಿದೆ. ಒಂದು ಚುಕ್ಕೆ ಹಾಳೆಯ ಜೊತೆ ಅಲುಗಿತು, ಅದು ಕೊಳೆ. ಎರಡು ಅಲುಗಲಿಲ್ಲ. ಹಾಳೆ ಅವುಗಳ ಕೆಳಗೆ ಜಾರುತ್ತಿತ್ತು, ಅವು ಸೂರ್ಯನ ಮೇಲೇ ಕೂತಿದ್ದವು.

ಸೂರ್ಯ ಕಲೆಗಳು. 2024ರ ಅಕ್ಟೋಬರ್‌ನಲ್ಲೇ ಸೂರ್ಯ ತನ್ನ ಹನ್ನೊಂದು ವರ್ಷದ ಚಕ್ರದ ಗರಿಷ್ಠ ಹಂತಕ್ಕೆ ಬಂದಿದ್ದಾನೆ ಅಂತ ನಾಸಾ ಹೇಳಿತ್ತು, ಹಾಗಾಗಿ ಕಲೆಗಳಿಗೆ ಬರ ಇರಲಿಲ್ಲ. ಫೋನಿನಲ್ಲಿ ಸೂರ್ಯನನ್ನೇ ನೋಡುತ್ತಿರುವ ನಾಸಾದ ಎಸ್‌ಡಿಒ ಉಪಗ್ರಹದ ಅವತ್ತಿನ ಚಿತ್ರ ತೆಗೆದು ಪಕ್ಕದಲ್ಲಿ ಹಿಡಿದೆ. ಹೊಂದಲಿಲ್ಲ. ಒಂದು ಗಂಟೆ ತಲೆ ಕೆಡಿಸಿಕೊಂಡೆ. ಆಮೇಲೆ ಹುಡುಗನೇ ಫೋನನ್ನು ತಲೆಕೆಳಗೆ ಮಾಡಿ ಕನ್ನಡಿಯ ಮುಂದೆ ಹಿಡಿದ. ಇನ್ನೂ ಸ್ವಲ್ಪ ಓರೆ ಮಾಡಿದ. ಎರಡು ಚುಕ್ಕೆ, ಅದೇ ಜಾಗ.

1607ರಲ್ಲಿ ಖಗೋಳ ವಿಜ್ಞಾನಿ ಕೆಪ್ಲರ್ ಹೀಗೇ ತೂತಿನ ಬೆಳಕಿನಲ್ಲಿ ಸೂರ್ಯನ ಮೇಲೆ ಒಂದು ಚುಕ್ಕೆ ಕಂಡು, ಬುಧ ಗ್ರಹ ಸೂರ್ಯನ ಮುಂದೆ ಹಾಯುತ್ತಿದೆ ಅಂದುಕೊಂಡ. ಅದು ಸೂರ್ಯ ಕಲೆಯಾಗಿತ್ತು. ಅಷ್ಟು ದೊಡ್ಡವನೇ ಎಡವಿದ ಜಾಗದಲ್ಲಿ ನಾನು ಒಂದು ಗಂಟೆ ಎಡವಿದ್ದು ದೊಡ್ಡದಲ್ಲ ಬಿಡಿ. ಮರುದಿನ ಮತ್ತೆ ಅದೇ ಹೊತ್ತಿಗೆ ಗುರುತು ಹಾಕಿದೆವು. ಚುಕ್ಕೆಗಳು ಒಂದಿಷ್ಟು ಸರಿದಿದ್ದವು. ನಾವು ನೋಡಿದಂತೆ ಸೂರ್ಯ ಒಂದು ಸುತ್ತು ತಿರುಗುವುದಕ್ಕೆ ಸುಮಾರು 27 ದಿನ.

ಒಂದು ಮಾತು, ತಮಾಷೆ ಇಲ್ಲದೆ. ಈ ತೂತಿಗೆ, ಕನ್ನಡಿಗೆ, ಅದರಲ್ಲೂ ಲೆನ್ಸಿಗೆ ಕಣ್ಣಿಟ್ಟು ಸೂರ್ಯನ ಕಡೆ ನೋಡಬಾರದು. ನೋಡಬೇಕಾದದ್ದು ಗೋಡೆ ಅಥವಾ ಹಾಳೆ ಮಾತ್ರ. ಬಳಸದಿದ್ದಾಗ ಲೆನ್ಸಿಗೆ ಮುಚ್ಚಳ ಹಾಕಿ. 2027ರ ಆಗಸ್ಟ್ 2ರ ಸಂಜೆ ನಮ್ಮಲ್ಲಿ ಭಾಗಶಃ ಗ್ರಹಣ ಇದೆ, ಮಳೆಗಾಲದ ಮೋಡ ಬಿಟ್ಟರೆ. ಅಷ್ಟರಲ್ಲಿ ಬೇರೆ ಕೋಣೆಯ ಪಡುವಣ ಕಿಟಕಿಗೂ ಒಂದು ಶೀಟ್ ಹೊಲಿಸಬೇಕು.

ಈಗಿನ ಸ್ಥಿತಿ

ಮೊಳೆ ಹೊಡೆದ ಶೀಟ್ ಕಿತ್ತು, ಟೈಲರ್ ಹತ್ತಿರ ಎರಡು ಪದರ ಹೊಲಿಸಿ, ಅಂಚಿಗೆ ವೆಲ್ಕ್ರೋ ಹಚ್ಚಿಸಿದ್ದೇನೆ. ಸೂಜಿಯ ತೂತುಗಳಿಂದಲೂ ಬೆಳಕು ಬರುತ್ತದೆ, ಹೊಲಿಗೆಯ ಮೇಲೆ ಇನ್ಸುಲೇಷನ್ ಟೇಪ್ ಹಚ್ಚಬೇಕಾಯಿತು. ಒಂದು ನಿಮಿಷದಲ್ಲಿ ಹಾಕಿ ತೆಗೆಯಬಹುದು. ಹಪ್ಪಳದ ಡಬ್ಬ ವಾಪಸ್ ಬಂದಿವೆ.

ಕಳೆದ ವಾರ ಬಟ್ಟೆ ಕೊಡಲು ಬಂದ ಇಸ್ತ್ರಿಯವರನ್ನು ಹುಡುಗ ಬಿಡದೆ ಮಹಡಿಗೆ ಕರೆತಂದ. ಬಾಗಿಲು ಮುಚ್ಚಿದೆವು. ಬಟರ್ ಪೇಪರಿನ ಮೇಲೆ ಅವರ ಗಾಡಿ, ನಾಲ್ಕೂ ಚಕ್ರ ಆಕಾಶಕ್ಕೆ.

"ಅಯ್ಯೋ ಸಾರ್, ಗಾಡಿ ಮಗುಚ್ಕೊಂಡಿದೆ!"

ಇಲ್ಲ ಇಲ್ಲ ಅಂತ ನಾನು ದಾರ ಹುಡುಕುತ್ತಿದ್ದೆ, ತೋರಿಸುವುದಕ್ಕೆ. ಅವರು ಕೇಳಿಸಿಕೊಳ್ಳುತ್ತಿರಲಿಲ್ಲ. ಹಾಳೆಗೆ ಮೂಗು ತಾಗುವಷ್ಟು ಹತ್ತಿರ ಬಂದು ನೋಡುತ್ತಿದ್ದರು. ಬೇಕರಿಯ ಕಡೆಯಿಂದ ಹಳದಿ ಸೀರೆಯ ಒಬ್ಬರು ಬಂದು ಗಾಡಿಯ ಪಕ್ಕ ನಿಂತರು. ಕೈಯಲ್ಲಿ ಬಟ್ಟೆಯ ಗಂಟು. ಅತ್ತಿತ್ತ ನೋಡಿದರು.

"ಗಿರಾಕಿ!" ಅಂದವರೇ ಬಾಗಿಲು ತೆಗೆದು ಮೆಟ್ಟಿಲು ಇಳಿದು ಓಡಿದರು. ಬಾಗಿಲಿನಿಂದ ನುಗ್ಗಿದ ಬೆಳಕಿಗೆ ಬೀದಿ ಪೂರ್ತಿ ಅಳಿಸಿಹೋಯಿತು. ಹುಡುಗ ಎದ್ದು ಬಾಗಿಲು ಹಾಕಿ, ಚಾಪೆ ಸಂದಿಗೆ ತುರುಕಿ, ಮತ್ತೆ ಬಂದು ಕೂತ. ಅಷ್ಟರಲ್ಲಿ ಅವರು ಹಾಳೆಯ ಅಂಚಿನಿಂದ ಒಳಗೆ ಬಂದಿದ್ದರು, ರಸ್ತೆಗೆ ಜೋತುಬಿದ್ದುಕೊಂಡೇ ಓಡುತ್ತಾ. ಗಂಟು ಇಸಿದುಕೊಂಡರು, ಲೆಕ್ಕ ಮಾಡಿದರು, ಸೀರೆಯವರು ಹೋದರು. ಆಮೇಲೆ ಗಾಡಿಯ ಪಕ್ಕ ನೆಟ್ಟಗೆ ನಿಂತು, ನಮ್ಮ ಕಿಟಕಿಯ ಕಡೆ ತಿರುಗಿ, ಕೈಯನ್ನು ಮೇಲೆತ್ತಿ, ಅಂದರೆ ನಮಗೆ ಕೆಳಗೆ, ಜೋರಾಗಿ ಬೀಸಿದರು.